ಕಾಣಲಿಲ್ಲ ಎಂಬುದೂ ಒಂದು ಲೆಕ್ಕ

ಶಾಬಾನ್ ತಿಂಗಳ 29ನೇ ಸಂಜೆ ನಮ್ಮ ಮನೆಯವರೆಲ್ಲ ತಾರಸಿ ಹತ್ತುತ್ತೇವೆ. ಚಾಂದ್ ಕಾಣದಿದ್ದರೆ ತಮ್ಮನ ಮುಖ ಸಪ್ಪಗಾಗುತ್ತದೆ. "ಕಾಣಲಿಲ್ಲ ಅನ್ನೋದೂ ಸುದ್ದಿನೇ ಬೇಟಾ" ಎನ್ನುತ್ತಾರೆ ದಾದಿಮಾ. ಆ ಮಾತಿನ ಬೆಲೆ ನನಗೆ ತಿಳಿದದ್ದು ಒಂದು ನಕ್ಷತ್ರದ ಬಗ್ಗೆ ಓದಿದಾಗ.

ವೃಶ್ಚಿಕ ರಾಶಿಯಲ್ಲಿ ಯು ಸ್ಕಾರ್ಪಿ ಎಂಬ ಜೋಡಿ ನಕ್ಷತ್ರವಿದೆ. ಅದರಲ್ಲಿ ಒಂದು ಶ್ವೇತಕುಬ್ಜ. ಅದು ಜೊತೆಗಾರ ನಕ್ಷತ್ರದಿಂದ ಅನಿಲ ಎಳೆದುಕೊಳ್ಳುತ್ತಲೇ ಇರುತ್ತದೆ. ನಮ್ಮ ಆರ್.ಡಿ. ಖಾತೆಯ ಹಾಗೆ ಸ್ವಲ್ಪ ಸ್ವಲ್ಪವೇ ಜಮಾ. ಒತ್ತಡ, ಶಾಖ ಮಿತಿ ಮೀರಿದಾಗ ಮೇಲ್ಪದರದ ಹೈಡ್ರೋಜನ್ ಸ್ಫೋಟಿಸುತ್ತದೆ. ನಕ್ಷತ್ರ ನಾಶವಾಗುವುದಿಲ್ಲ, ಮತ್ತೆ ಜಮಾ ಶುರುವಾಗುತ್ತದೆ. ಸುಮಾರು ಹತ್ತು ವರ್ಷಕ್ಕೊಮ್ಮೆ ಹೀಗಾಗುವುದರಿಂದ ಇದನ್ನು ಮರುಕಳಿಸುವ ನೋವಾ ಎನ್ನುತ್ತಾರೆ. ಆದರೆ ಆರ್.ಡಿ.ಗೆ ಇರುವಂತೆ ಇದಕ್ಕೆ ಮೆಚ್ಯೂರಿಟಿ ದಿನಾಂಕ ಇಲ್ಲ.

ಇದನ್ನು ಮೊದಲು ಕಂಡವರು ನಾರ್ಮನ್ ಪೋಗ್ಸನ್. 1863ರಲ್ಲಿ, ನಮ್ಮ ಪಕ್ಕದ ಮದ್ರಾಸಿನ ವೀಕ್ಷಣಾಲಯದಿಂದ. 1906 ಮತ್ತು 1936ರ ಸ್ಫೋಟಗಳು ಆಗ ಯಾರ ಗಮನಕ್ಕೂ ಬರಲಿಲ್ಲ. ನಂತರ ಹಾರ್ವರ್ಡ್ ವೀಕ್ಷಣಾಲಯದ ಹಳೆಯ ಫೋಟೋ ಫಲಕಗಳಲ್ಲಿ ಸಿಕ್ಕವು.

ತಪ್ಪಿಹೋಗಲು ಕಾರಣವಿದೆ. ಸ್ಫೋಟವಾದಾಗ ಬೆಳಕು ಸುಮಾರು ಹತ್ತು ಸಾವಿರ ಪಟ್ಟು ಏರುತ್ತದೆ, ಆದರೂ ಬರಿಗಣ್ಣಿಗೆ ಕಾಣದು, ಬೈನಾಕ್ಯುಲರ್ ಬೇಕು. ಇಳಿಯುವುದೂ ಅಷ್ಟೇ ಬೇಗ. ಮೊದಲ ದಿನ ನೂರು ರೂಪಾಯಿ ಇದ್ದದ್ದು ಮೂರು ದಿನದೊಳಗೆ ಆರು ರೂಪಾಯಿ ಆದಂತೆ.

ಈ ಜೋಡಿ ಸುಮಾರು 30 ಗಂಟೆಗೊಮ್ಮೆ ಸುತ್ತುವಾಗ ನಮಗೆ ಗ್ರಹಣ ಕಾಣುತ್ತದೆ. ಸ್ಫೋಟದ ಮೊದಲ ದಿನಗಳಲ್ಲಿ ಅನಿಲದ ಮೋಡ ಎರಡನ್ನೂ ಮುಚ್ಚಿಬಿಡುವುದರಿಂದ ಗ್ರಹಣ ಕಾಣುವುದಿಲ್ಲ. ಅದು ಮತ್ತೆ ಯಾವಾಗ ಕಾಣಿಸಿಕೊಂಡಿತು ಎಂಬುದರಿಂದ ಮೋಡ ತೆಳುವಾದ ವೇಗ ತಿಳಿಯುತ್ತದೆ. ಈ ಲೆಕ್ಕಕ್ಕೆಲ್ಲ ಸ್ಫೋಟ ಶುರುವಾದ ಸಮಯ ಗೊತ್ತಿರಬೇಕು.

ಬ್ರಾಡ್ಲಿ ಶೇಫರ್ ಎಂಬ ಖಗೋಳ ವಿಜ್ಞಾನಿ, ಮುಂದಿನ ಸ್ಫೋಟ 2009ರ ಆಸುಪಾಸಿನಲ್ಲಿ ಆಗಬಹುದು ಎಂದು ಮೊದಲೇ ಹೇಳಿದ್ದರು. ಹಲವು ದೇಶಗಳ ಹವ್ಯಾಸಿಗಳು ಕಾದರು. 2010ರ ಜನವರಿ 28ರಂದು ಅಮೆರಿಕದ ಫ್ಲೋರಿಡಾದಲ್ಲಿ ಬಾರ್ಬರಾ ಹ್ಯಾರಿಸ್ ಮತ್ತು ಶಾನ್ ಡ್ವೊರಾಕ್ ಎಂಬ ಇಬ್ಬರು ಹವ್ಯಾಸಿಗಳು ಅದನ್ನು ಹಿಡಿದರು. ಸುದ್ದಿ ಹರಡಿ, ಉಪಗ್ರಹದ ದೂರದರ್ಶಕಗಳೂ ಅತ್ತ ತಿರುಗಿದವು.

ಕಂಡವರ ಹೆಸರು ಉಳಿಯಿತು, ಸರಿಯೇ. ಆದರೆ ಹಿಂದಿನ ರಾತ್ರಿಗಳಲ್ಲಿ ನೋಡಿ "ಇಂದು ಇಲ್ಲ" ಎಂದು ಬರೆದಿಟ್ಟವರಿಲ್ಲದೆ ಆರಂಭದ ಸಮಯ ಕಟ್ಟಲಾಗದು. ಕೊನೆಯ "ಇಲ್ಲ" ಮತ್ತು ಮೊದಲ "ಇದೆ", ಇವೆರಡರ ನಡುವೆಯೇ ಸ್ಫೋಟ ಶುರುವಾಗಿರಬೇಕು. ಲೆಕ್ಕಪುಸ್ತಕದಲ್ಲಿ ವಹಿವಾಟಿಲ್ಲದ ದಿನ 'ನಿಲ್' ಎಂದು ಬರೆಯುತ್ತೇವೆ. ಖಾಲಿ ಬಿಟ್ಟ ಸಾಲಿಗೂ 'ನಿಲ್'ಗೂ ವ್ಯತ್ಯಾಸವಿದೆ.

2022ರ ಜೂನ್‌ನಲ್ಲಿ ಅದು ಮತ್ತೆ ಸ್ಫೋಟಿಸಿತು. ಮುಂದಿನ ಸರದಿಗೆ ನಾವು ಡಿಗ್ರಿ ಮುಗಿಸಿ ಎಲ್ಲೋ ಕೆಲಸದಲ್ಲಿರುತ್ತೇವೆ. ಅಷ್ಟರಲ್ಲಿ ಒಂದು ಬೈನಾಕ್ಯುಲರ್ ಕೊಳ್ಳಲು ನಾನು ಆರ್.ಡಿ. ಶುರುಮಾಡಿದ್ದೇನೆ.