ಅನ್ನ ಮತ್ತು ನೆನಪು

ಕನ್ನಡದಲ್ಲಿ ‘ಅರಳುಮರಳು’ ಎಂಬ ಮಾತೊಂದುಂಟು. ಅರವತ್ತು ತುಂಬಿದವರು ಪರಿಚಿತರ ಹೆಸರು ಮರೆತರೆ, ಹೇಳಿದ್ದನ್ನೇ ಮತ್ತೆ ಹೇಳಿದರೆ, ಮನೆಯ ಮಂದಿ ಆ ಒಂದು ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಾರೆ. ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ಇದೇ ಮಾತನ್ನು ತಮ್ಮ ಕವನಸಂಗ್ರಹಕ್ಕೆ ಹೆಸರಾಗಿ ಇಟ್ಟರು. ಅದಕ್ಕೆ ೧೯೫೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಮರಳಿ ಅರಳುವುದು ಎಂಬ ಅರ್ಥವನ್ನೂ ಆ ಹೆಸರಿನಲ್ಲಿ ಕಾಣಬಹುದು. ಕವಿಗೆ ಅದು ಸಾಧ್ಯವಾಯಿತು. ನಮ್ಮಂಥ ಸಾಮಾನ್ಯರಿಗೆ ಮರವೆಯನ್ನು ದೂರವಿಟ್ಟು ಬುದ್ಧಿಯನ್ನು ಉಳಿಸಿಕೊಳ್ಳುವ ದಾರಿ ಉಂಟೆ? ಉಂಟಾದರೆ ಅದರಲ್ಲಿ ನಾವು ದಿನವೂ ಉಣ್ಣುವ ಅನ್ನದ ಪಾಲೆಷ್ಟು? ನಾನು ವೈದ್ಯನಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿ ನಿವೃತ್ತನಾದವನು. ನೆನಪನ್ನೇ ನೆಚ್ಚಿ ಬದುಕಿದವನು. ಈ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದು ನಿಂತುದರಿಂದ ಅದನ್ನು ವಿಚಾರಿಸಬೇಕಾಯಿತು.

ಕೊಪ್ಪದಿಂದ ಶೃಂಗೇರಿಗೆ ಹೋಗುವ ದಾರಿಯಿಂದ ಒಳಗೆ, ಹಳ್ಳಿಯೊಂದರಲ್ಲಿ ನನ್ನ ಅಕ್ಕನ ಮನೆ. ಎಪ್ಪತ್ತು ದಾಟಿದ ಅಕ್ಕಯ್ಯನಿಗೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ ಎಲ್ಲ ಸೇರಿ ನೂರಕ್ಕೆ ಮಿಕ್ಕಿ ಹಾಡುಗಳು ಬಾಯಿಗೆ ಬರುತ್ತಿದ್ದವು. ಪುಸ್ತಕ ನೋಡಿ ಕಲಿತವಲ್ಲ. ಅಜ್ಜಿಯ ಬಾಯಿಂದ ಇಳಿದು ಬಂದವು. ಕೆಲವು ವರ್ಷಗಳ ಹಿಂದೆ ನೆಂಟರ ಮದುವೆಯಲ್ಲಿ ಹಾಡು ಹೇಳುತ್ತ ಹೇಳುತ್ತ ನಡುವೆ ನಿಂತುಬಿಟ್ಟಳು. ‘ಮುಂದಿನ ನುಡಿ ಬರ್ತಾ ಇಲ್ಲ ಕಣೋ ತಮ್ಮಾ’ ಎಂದು ನನ್ನ ಮುಖ ನೋಡಿದಳು. ಅಂದಿನಿಂದ ಮರೆವು ಹೆಚ್ಚುತ್ತ ಹೋಯಿತು. ನಮ್ಮ ಕಡೆಯ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ತೋಟದ ಕಾಲುವೆಯ ಬದಿಯ ಒಂದೆಲಗವನ್ನು ಕಿತ್ತು ತಂದು ದಿನವೂ ತಂಬುಳಿ ಮಾಡಿ ಬಡಿಸಿದೆವು. ಹೀಗೆ ಒಂದು ವರ್ಷ ಕಳೆಯಿತು.

ಒಂದೆಲಗದ ಮೇಲೆ ನಮಗಿರುವ ನಂಬಿಕೆ ಇಂದು ನಿನ್ನೆಯದಲ್ಲ. ಆಯುರ್ವೇದದಲ್ಲಿ ಇದಕ್ಕೆ ಮಂಡೂಕಪರ್ಣಿ ಎಂದು ಹೆಸರು. ಚರಕಸಂಹಿತೆಯ ರಸಾಯನ ಪ್ರಕರಣದಲ್ಲಿ ಮೇಧೆಯನ್ನು ಹೆಚ್ಚಿಸತಕ್ಕವೆಂದು ನಾಲ್ಕನ್ನು ಹೇಳಿದೆ: ಮಂಡೂಕಪರ್ಣಿಯ ರಸ, ಹಾಲಿನೊಡನೆ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿಯ ರಸ, ಶಂಖಪುಷ್ಪಿಯ ಕಲ್ಕ. ನಮ್ಮಲ್ಲಿ ಅನೇಕರು ಒಂದೆಲಗವನ್ನೇ ಬ್ರಾಹ್ಮಿ ಎನ್ನುತ್ತಾರೆ. ಆದರೆ ನೀರುಬ್ರಾಹ್ಮಿ ಎಂಬುದು ದಪ್ಪನೆಯ ಪುಟ್ಟ ಎಲೆಗಳ ಬೇರೊಂದು ಗಿಡ. ಅಂಗಡಿಯ ಸೀಸೆಯ ಮೇಲೆ ಬ್ರಾಹ್ಮಿ ಎಂದು ಬರೆದಿದ್ದರೆ ಒಳಗಿರುವುದು ಯಾವುದೆಂದು ನೋಡಿಕೊಳ್ಳುವುದು ಒಳ್ಳೆಯದು. ಈ ಎರಡು ಗಿಡಗಳ ಮೇಲೂ ಪ್ರಯೋಗಗಳು ನಡೆದಿವೆ, ನಡೆಯುತ್ತಲೂ ಇವೆ. ಆದರೆ ಇವನ್ನು ಸೇವಿಸಿದವರಿಗೆ ಮರೆವಿನ ರೋಗ ಬಾರದೆಂದು ಸಿದ್ಧಪಡಿಸುವ ದೃಢವಾದ ಪ್ರಮಾಣ ಇನ್ನೂ ದೊರೆತಿಲ್ಲ. ಜೀರಿಗೆ, ಮೆಣಸನ್ನು ತುಪ್ಪದಲ್ಲಿ ಹುರಿದು, ಎಲೆ ಮತ್ತು ಕಾಯಿತುರಿಯೊಡನೆ ಅರೆದು, ಮಜ್ಜಿಗೆಗೆ ಬೆರೆಸಿದ ತಂಬುಳಿ ಒಳ್ಳೆಯ ಆಹಾರ. ಅದನ್ನು ಆಹಾರವೆಂದು ಉಂಡರೆ ಲಾಭವೇ ಹೊರತು ನಷ್ಟವಿಲ್ಲ. ಔಷಧವೆಂದು ನಂಬಿ, ವೈದ್ಯರ ಬಳಿಗೆ ಹೋಗುವುದನ್ನು ಮುಂದೂಡಿದಾಗ ನಷ್ಟವಾಗುತ್ತದೆ. ನಾವು ಮಾಡಿದ ತಪ್ಪು ಅದೇ.

ವರ್ಷ ಕಳೆದ ಮೇಲೆ ಅಕ್ಕಯ್ಯ ನಡೆಯುವಾಗ ತೂರಾಡತೊಡಗಿದಳು. ಪಾದ ಜೋಮು ಹಿಡಿಯುತ್ತದೆ ಎಂದಳು. ಆಗ ವೈದ್ಯರಿಗೆ ತೋರಿಸಿದೆವು. ರಕ್ತದ ಒತ್ತಡ ಬಹಳ ಏರಿತ್ತು. ರಕ್ತದಲ್ಲಿ ಬಿ-೧೨ ಎಂಬ ಜೀವಸತ್ವ ಬಹಳ ಇಳಿದಿತ್ತು.

ಈ ಬಿ-೧೨ರ ವಿಚಾರವನ್ನು ಮಲೆನಾಡಿನ ಸಸ್ಯಾಹಾರಿ ಮನೆಗಳಲ್ಲಿ ಸ್ವಲ್ಪ ವಿಸ್ತರಿಸಿಯೇ ಹೇಳಬೇಕು. ನರತಂತುಗಳ ಮೇಲಿನ ಹೊದಿಕೆ ಕೆಡದಿರುವುದಕ್ಕೆ, ರಕ್ತಕಣಗಳು ಸರಿಯಾಗಿ ಹುಟ್ಟುವುದಕ್ಕೆ ಇದು ಬೇಕು. ಬೇಕಾಗುವ ಪ್ರಮಾಣ ಅತ್ಯಲ್ಪ. ದಿನಕ್ಕೆ ಎರಡು ಮೂರು ಮೈಕ್ರೋಗ್ರಾಂ. ಆದರೆ ಅದು ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ, ಹಣ್ಣಿನಲ್ಲಿಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ಮಾತ್ರ ಸಹಜವಾಗಿ ದೊರೆಯುತ್ತದೆ. ಶರೀರದಲ್ಲಿ ಕೆಲವು ವರ್ಷಗಳಿಗೆ ಸಾಲುವಷ್ಟು ಸಂಗ್ರಹವಿರುವುದರಿಂದ ಕೊರತೆ ಮೆಲ್ಲಗೆ, ಸದ್ದಿಲ್ಲದೆ ಬರುತ್ತದೆ. ವಯಸ್ಸಾದಂತೆ ಜಠರದ ಆಮ್ಲ ಕಡಿಮೆಯಾಗಿ, ಉಂಡ ಆಹಾರದಿಂದ ಇದನ್ನು ಹೀರಿಕೊಳ್ಳುವ ಶಕ್ತಿ ಕುಗ್ಗುತ್ತದೆ. ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆಯನ್ನು, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಯನ್ನು ಬಹುಕಾಲ ನುಂಗುವವರಲ್ಲಿ ಇನ್ನೂ ಕುಗ್ಗಬಹುದು. ಅಕ್ಕನ ಮನೆಯಲ್ಲಿ ಹಿಂದೆ ನಾಲ್ಕೈದು ಹಸುಗಳಿದ್ದವು. ಈಗ ಕೊಟ್ಟಿಗೆ ಬರಿದಾಗಿ, ಹಾಲು ಕಾಫಿಯ ಬಣ್ಣಕ್ಕೆ ಮಾತ್ರ ಉಳಿದಿತ್ತು. ಮೆಟ್‌ಫಾರ್ಮಿನ್ ಹತ್ತು ವರ್ಷಗಳಿಂದ ನಡೆದಿತ್ತು. ಹೀಗಿರುವಾಗ ಒಂದೆಲಗ ಏನು ಮಾಡೀತು? ಬಿ-೧೨ರ ಕೊರತೆಯಿಂದ ಅಥವಾ ಥೈರಾಯ್ಡ್ ಗ್ರಂಥಿಯ ಮಂದಗತಿಯಿಂದ ಬರುವ ಮರೆವನ್ನು ಬೇಗ ಗುರುತಿಸಿದರೆ ಬಹುಮಟ್ಟಿಗೆ ಸರಿಪಡಿಸಬಹುದು. ಒಂದು ರಕ್ತಪರೀಕ್ಷೆಯಿಂದ ತಿಳಿಯುವ ಸಂಗತಿಯನ್ನು ಅರಳುಮರಳೆಂಬ ಮಾತಿನಲ್ಲಿ ಮುಚ್ಚಿಹಾಕಬಾರದು.

ಎಲ್ಲ ಮರೆವೂ ಹೀಗೆ ಹಿಂದಿರುಗುವಂಥದಲ್ಲ ಎಂಬುದೂ ನಿಜ. ಆಲ್ಸೈಮರ್ ರೋಗ, ರಕ್ತನಾಳಗಳ ದೋಷದಿಂದ ಬರುವ ಬುದ್ಧಿಮಾಂದ್ಯ, ಇವು ಮೆಲ್ಲಮೆಲ್ಲನೆ ಮುಂದುವರಿಯತಕ್ಕವು. ೨೦೨೩ರಲ್ಲಿ ಪ್ರಕಟವಾದ ಅಂದಾಜಿನಂತೆ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ, ಇಂಥ ರೋಗವಿದೆ. ಸಂಖ್ಯೆ ದೊಡ್ಡದು. ಆದರೆ ಉಳಿದ ತೊಂಬತ್ತೆರಡು ಮಂದಿಗೆ ಇಲ್ಲ ಎಂಬುದನ್ನೂ ನೋಡಬೇಕು. ಮುಪ್ಪು ಬಂದೊಡನೆ ಬುದ್ಧಿ ಹೋಗಲೇಬೇಕೆಂಬ ನಿಯಮವಿಲ್ಲ.

ಮಿದುಳಿನ ತೂಕ ಒಂದೂಕಾಲು, ಒಂದೂವರೆ ಕಿಲೋಗ್ರಾಂ; ಶರೀರದ ತೂಕದಲ್ಲಿ ನೂರಕ್ಕೆ ಎರಡು ಪಾಲು. ಆದರೆ ನಾವು ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಅದೇ ಬಳಸುತ್ತದೆ. ಅಷ್ಟನ್ನೂ ಒದಗಿಸುವುದು ಕೂದಲಿಗಿಂತ ಸಣ್ಣ ರಕ್ತನಾಳಗಳು. ತೋಟದ ಕಾಲುವೆಯಲ್ಲಿ ಹೂಳು ತುಂಬಿದರೆ ಕೊನೆಯ ಸಾಲಿನ ಮರ ಮೊದಲು ಒಣಗುತ್ತದೆ. ರಕ್ತದ ಒತ್ತಡ, ಮಧುಮೇಹ, ಕೆಟ್ಟ ಕೊಬ್ಬು ಇವು ಆ ಸಣ್ಣ ನಾಳಗಳನ್ನು ವರ್ಷಗಟ್ಟಲೆ ಕೆಡಿಸುತ್ತವೆ. ಆದ್ದರಿಂದ ಹೃದಯಕ್ಕೆ ಹಿತವಾದ ಊಟವೇ ನೆನಪಿಗೂ ಹಿತವೆಂದು ಸ್ಥೂಲವಾಗಿ ಹೇಳಬಹುದು.

ಈಗ ನಮ್ಮ ಊಟದೆಲೆಯನ್ನು ನೋಡೋಣ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ಅಕ್ಕಿಯ ಸೀಮೆ. ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ನಮ್ಮ ತಂದೆಯ ಕಾಲದಲ್ಲಿ ಹೀಗೆ ಉಂಡವರು ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ಇಳಿಯುತ್ತಿದ್ದರು, ಗದ್ದೆಯ ಕೆಸರಿನಲ್ಲಿ ದಿನವಿಡೀ ಬಗ್ಗಿ ದುಡಿಯುತ್ತಿದ್ದರು. ಈಗ ಅನೇಕ ಗದ್ದೆಗಳು ಅಡಕೆ ತೋಟವಾಗಿವೆ. ಅಂಗಳದಿಂದ ಪೇಟೆಗೆ ಸ್ಕೂಟರು ಬಂದಿದೆ. ದುಡಿಮೆ ಹೋಯಿತು, ಅನ್ನದ ರಾಶಿ ಹಾಗೆಯೇ ಉಳಿಯಿತು. ೨೦೨೪ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರಡಿಸಿದ ಆಹಾರಸೂತ್ರಗಳಲ್ಲಿ, ಧಾನ್ಯಗಳಿಂದ ಬರುವ ಶಕ್ತಿ ನೂರಕ್ಕೆ ನಲವತ್ತೈದನ್ನು ಮೀರದಿರಲಿ, ದಿನಕ್ಕೆ ಸುಮಾರು ೪೦೦ ಗ್ರಾಂ ತರಕಾರಿ-ಸೊಪ್ಪು ಇರಲಿ ಎಂದಿದೆ. ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಹರಿವೆ, ಬಸಳೆ, ನುಗ್ಗೆ, ಹೊನಗೊನೆ, ಮಳೆಗಾಲದ ಚಗಟೆ ಮತ್ತು ಕೆಸು ನಮ್ಮ ಹಿತ್ತಿಲಿನವೇ. ಹುರುಳಿ, ಹೆಸರು, ಅಲಸಂದೆ ಸಾರಿಗೆ ತಿಳಿಯಾಗಿ ಅಲ್ಲ, ಪಲ್ಯಕ್ಕೆ ದಪ್ಪವಾಗಿ ಬರಲಿ. ಮೀನು ತಿನ್ನುವವರಿಗೆ ಘಟ್ಟ ಹತ್ತಿ ಬರುವ ಬಂಗುಡೆ, ಬೂತಾಯಿ ಉಂಟು. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರು ಮತ್ತಿ ಎನ್ನುವುದು ಈ ಬೂತಾಯಿಯನ್ನೇ. ಮಿದುಳಿಗೆ ಬೇಕಾದ ಒಮೆಗಾ-೩ ಕೊಬ್ಬು ಅದರಲ್ಲಿ ಧಾರಾಳವಾಗಿದೆ. ಹುರಿಯುವುದಕ್ಕಿಂತ ಸಾರು ಮಾಡಿ ಉಣ್ಣುವುದು ಮೇಲು.

ನಮ್ಮ ಎಲೆಯಲ್ಲಿ ಅನ್ನಕ್ಕಿಂತ ಅಪಾಯಕಾರಿಯಾದುದು ಎಲೆಯ ತುದಿಯಲ್ಲಿ ಕುಳಿತಿದೆ. ಅದು ಉಪ್ಪು. ತಿಂಗಳುಗಟ್ಟಲೆ ಮಳೆ ಹೊಯ್ಯುವ ನಾಡಿನಲ್ಲಿ ತರಕಾರಿ ಸಿಗದ ಕಾಲಕ್ಕೆಂದು ನಮ್ಮ ಹಿರಿಯರು ಮಾವಿನಮಿಡಿಯನ್ನು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರು. ಹಪ್ಪಳ, ಸಂಡಿಗೆ, ಬಾಳಕಗಳನ್ನು ಒಣಗಿಸಿಟ್ಟರು. ಅದು ಅಂದಿನ ಜಾಣ್ಮೆ. ಇಂದು ಮಳೆಗಾಲದಲ್ಲೂ ಪೇಟೆಯಲ್ಲಿ ತರಕಾರಿ ದೊರೆಯುತ್ತದೆ, ಆದರೂ ಭರಣಿ ವರ್ಷವಿಡೀ ಎಲೆಯ ಬಳಿಯೇ ಇದೆ. ಉಪ್ಪಿಗಿಂತ ರುಚಿಯಿಲ್ಲವೆಂಬ ಗಾದೆ ಸುಳ್ಳಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಐದು ಗ್ರಾಂ, ಒಂದು ಸಣ್ಣ ಚಮಚೆ. ಅಡುಗೆಯ ಉಪ್ಪು, ಉಪ್ಪಿನಕಾಯಿಯ ಉಪ್ಪು, ಹಪ್ಪಳದ ಉಪ್ಪು ಎಲ್ಲ ಸೇರಿ. ಒತ್ತಡವನ್ನು ಹತೋಟಿಯಲ್ಲಿಡುವುದರಿಂದ ನೆನಪಿಗೆ ಲಾಭವಿದೆಯೆಂಬುದಕ್ಕೆ ೨೦೧೯ರಲ್ಲಿ ಅಮೆರಿಕದ ದೊಡ್ಡದೊಂದು ಪ್ರಯೋಗ ಆಧಾರ ಒದಗಿಸಿತು: ಒತ್ತಡವನ್ನು ಹೆಚ್ಚು ಬಿಗಿಯಾಗಿ ಇಳಿಸಿದವರಲ್ಲಿ ಮರೆವಿನ ಮೊದಲ ಹಂತ ಕಡಿಮೆ ಕಂಡುಬಂತು. ಊಟದ ಮೇಲಿನ ಕವಳದ ಮಾತನ್ನೂ ಆಡಿಬಿಡಬೇಕು. ಅಡಕೆಯಿಂದ ಬದುಕುವ ಸೀಮೆಯವನಾಗಿ ಹೇಳುವುದು ಕಷ್ಟವಾದರೂ, ಅದರ ಜೊತೆಯ ಹೊಗೆಸೊಪ್ಪು ರಕ್ತನಾಳಕ್ಕೆ ಒಳ್ಳೆಯದಲ್ಲ. ಅಡಕೆಯೂ ಬಾಯಿಗೆ ನಿರಪಾಯವಲ್ಲ.

ಹಾಗಾದರೆ ಊಟವೊಂದನ್ನೇ ತಿದ್ದಿಕೊಂಡರೆ ಸಾಕೆ? ಸೊಪ್ಪು, ಕಾಳು, ಮೀನುಗಳಿಗೆ ಪ್ರಾಧಾನ್ಯವಿತ್ತು, ಮಿದುಳಿಗೆಂದೇ ರೂಪಿಸಿದ ‘ಮೈಂಡ್’ ಎಂಬ ಆಹಾರಕ್ರಮವನ್ನು ಅಮೆರಿಕದಲ್ಲಿ ೬೦೪ ಮಂದಿಯ ಮೇಲೆ ಮೂರು ವರ್ಷ ಪರೀಕ್ಷಿಸಿದರು. ೨೦೨೩ರಲ್ಲಿ ಬಂದ ಫಲಿತಾಂಶದಲ್ಲಿ, ಮಿತವಾಗಿ ಉಂಡ ಇನ್ನೊಂದು ಗುಂಪಿಗೂ ಇದಕ್ಕೂ ಗಣನೀಯ ಅಂತರ ಕಾಣಲಿಲ್ಲ. ಆದರೆ ಫಿನ್ಲೆಂಡಿನಲ್ಲಿ ೬೦ರಿಂದ ೭೭ ವರ್ಷದ ೧೨೬೦ ಮಂದಿಯ ಮೇಲೆ ನಡೆದು ೨೦೧೫ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಳ್ಳೆಯ ಊಟ, ವ್ಯಾಯಾಮ, ಬುದ್ಧಿಗೆ ಕೆಲಸ, ಒತ್ತಡ-ಸಕ್ಕರೆಗಳ ಮೇಲೆ ಕಣ್ಣು ಇವೆಲ್ಲ ಒಟ್ಟಿಗೆ ನಡೆದವು. ಎರಡು ವರ್ಷದಲ್ಲಿ ಫಲ ಕಂಡಿತು. ೨೦೨೪ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಆಯೋಗ ತಿದ್ದಿಕೊಳ್ಳಬಹುದಾದ ಹದಿನಾಲ್ಕು ಕಾರಣಗಳನ್ನು ಪಟ್ಟಿಮಾಡಿತು. ಅವುಗಳಲ್ಲಿ ಒತ್ತಡ, ಮಧುಮೇಹ, ಬೊಜ್ಜುಗಳ ಜೊತೆಗೆ ಕಿವಿ ಮಂದವಾಗುವುದು, ಕಣ್ಣು ಮಂಜಾಗುವುದು, ಒಂಟಿತನ ಇವೂ ಇವೆ. ಇವೆಲ್ಲವನ್ನೂ ಸರಿಪಡಿಸಿದರೆ ಹೆಚ್ಚುಕಡಿಮೆ ಅರ್ಧದಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಅವರ ಅಂದಾಜು.

ಒಂಟಿತನ ಎಂಬ ಆ ಒಂದು ಪದವನ್ನು ಓದಿದಾಗ ನನಗೆ ನಮ್ಮ ಮಲೆನಾಡಿನ ಒಂಟಿಮನೆಗಳು ಕಣ್ಣ ಮುಂದೆ ಬಂದವು. ಮಕ್ಕಳು ಬೆಂಗಳೂರಿನಲ್ಲಿ, ಇನ್ನೂ ದೂರದಲ್ಲಿ. ಹತ್ತು ಮಂದಿ ಪಂಕ್ತಿಯಲ್ಲಿ ಕೂರುತ್ತಿದ್ದ ಜಗಲಿಯ ಮನೆಯಲ್ಲಿ ಈಗ ಇಬ್ಬರು, ಕೆಲವೆಡೆ ಒಬ್ಬರು. ಒಬ್ಬರಿಗೆಂದು ಯಾರು ಪಲ್ಯ ಮಾಡುತ್ತಾರೆ? ಒಂದು ದಿನದ ಸಾರು ಮೂರು ದಿನ. ರಾತ್ರಿ ಗಂಜಿ ಮತ್ತು ಉಪ್ಪಿನಕಾಯಿ. ಕಪಾಟಿನಲ್ಲಿ ಹಣವಿದ್ದರೂ ಎಲೆಯಲ್ಲಿ ಬಡತನ. ಇಂಥ ಮನೆಯ ಹಿರಿಯರಿಗೆ ವಾರಕ್ಕೆರಡು ದಿನ ಯಾರಾದರೂ ಜೊತೆಗೆ ಕುಳಿತು ಉಣ್ಣುವಂತಾದರೆ ಊಟವೂ ಸುಧಾರಿಸುತ್ತದೆ, ಮಾತೂ ಉಳಿಯುತ್ತದೆ.

ಹಿರಿಯರಲ್ಲಿ ಮರೆವು ಕಂಡಾಗ ತಂಬುಳಿಯನ್ನು ಬಡಿಸಿ, ಆದರೆ ಅದೇ ವಾರ ವೈದ್ಯರ ಬಳಿಗೂ ಕರೆದೊಯ್ಯಿರಿ. ಒತ್ತಡ, ಸಕ್ಕರೆ, ಬಿ-೧೨, ಥೈರಾಯ್ಡ್, ಕಿವಿ, ಕಣ್ಣು ಇಷ್ಟನ್ನು ನೋಡಿಸಿರಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸಂಸ್ಥೆ ಕೂಡಿ ೨೦೨೨ರಲ್ಲಿ ಮಿದುಳಿನ ಆರೋಗ್ಯಕ್ಕೆಂದೇ ಕಾರ್ಯಕ್ರಮವೊಂದನ್ನು ಆರಂಭಿಸಿದವು. ನಿಮ್ಮ ಆಸ್ಪತ್ರೆಯಲ್ಲಿ ಅದನ್ನು ವಿಚಾರಿಸಿರಿ.

ಅಕ್ಕಯ್ಯನಿಗೆ ಚುಚ್ಚುಮದ್ದು, ಒತ್ತಡದ ಮಾತ್ರೆ, ದಿನಕ್ಕೆರಡು ಲೋಟ ಮಜ್ಜಿಗೆಯಲ್ಲದೆ ಒಂದು ಲೋಟ ಹಾಲು ಆರಂಭವಾಯಿತು. ಆರೇಳು ತಿಂಗಳಲ್ಲಿ ಅವಳು ಎಷ್ಟೋ ಮಟ್ಟಿಗೆ ಮೊದಲಿನಂತಾದಳು. ಹಾಡುಗಳಲ್ಲಿ ಬಹುಪಾಲು ಹಿಂದಿರುಗಿದವು. ಸೊಸೆ ಅವನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಅಂದು ಮದುವೆಮನೆಯಲ್ಲಿ ನಿಂತುಹೋದ ಹಾಡಿನ ಕೊನೆಯ ಎರಡು ನುಡಿ ಮಾತ್ರ ಈವರೆಗೂ ಬಂದಿಲ್ಲ. ಅದನ್ನು ಬಲ್ಲವರು ಬೇರೆ ಯಾರೂ ಉಳಿದಿಲ್ಲ. ಆ ಪುಟದ ಕೆಳಗೆ ಸೊಸೆ ಜಾಗ ಬಿಟ್ಟಿದ್ದಾಳೆ.