ಅತಿಥಿಗೆಂದೇ ಕಟ್ಟಿದ ಅರಮನೆ

ಮೈಸೂರಿನ ಲಲಿತ ಮಹಲ್‌ನಲ್ಲಿ ಯಾವ ಅರಸನೂ ಸಂಸಾರ ಹೂಡಿದವನಲ್ಲ. ಅಲ್ಲಿ ಯಾರಿಗೂ ಪಟ್ಟ ಕಟ್ಟಲಿಲ್ಲ, ಸಿಂಹಾಸನ ಇಡಲಿಲ್ಲ. ಹೆಸರಿಗೆ ಅರಮನೆ, ಅಷ್ಟೆ. ದೊಡ್ಡವರ ಮನೆಗೆ ಬಂದ ನೆಂಟರನ್ನು ಇಳಿಸಿಕೊಳ್ಳಲು ಕಟ್ಟಿದ ಬಿಡಾರ ಅದು. ಬರುವ ನೆಂಟ ಭಾರತದ ವೈಸ್‌ರಾಯ್ ಆಗಿದ್ದರಿಂದ ಬಿಡಾರವೂ ಅರಮನೆಯಷ್ಟೇ ಬೆಳೆಯಿತು.

ಬೆಂಗಳೂರಿನ ನಮ್ಮ ಸುಬ್ರಹ್ಮಣ್ಯಪುರದ ಫ್ಲ್ಯಾಟುಗಳಲ್ಲಿ ಬಿಲ್ಡರ್ ನಕ್ಷೆಯಲ್ಲಿ ‘ಗೆಸ್ಟ್ ರೂಮ್’ ಎಂದು ತೋರಿಸಿದ ಕೋಣೆ ಕೊರೊನಾ ಬಂದಾಗಿನಿಂದ ಮಗನದೋ ಸೊಸೆಯದೋ ಆಫೀಸು. ಊರಿಂದ ಯಾರಾದರೂ ಬಂದರೆ ಹಾಲ್‌ನಲ್ಲಿ ಹಾಸಿಗೆ ಬಿಡಿಸಬೇಕು. ಮದುವೆಗೆ ಹತ್ತು ಜನ ಬಂದರಂತೂ ಅಸೋಸಿಯೇಷನ್ನಿನ ಕೋಣೆ ಸಿಗುತ್ತದೆಯೇ ಎಂದು ವಾರ ಮೊದಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಬೇಕು. ಇಂಥ ನಮಗೆ, ನೆಂಟನಿಗೋಸ್ಕರ ಊರಾಚೆಯ ದಿಬ್ಬವೊಂದನ್ನು ಆರಿಸಿ, ಬೊಂಬಾಯಿಯಿಂದ ವಾಸ್ತುಶಿಲ್ಪಿಯನ್ನು ಕರೆಸಿ, ಇಟಲಿಯ ಅಮೃತಶಿಲೆ ಹಾಸಿ ಮನೆ ಕಟ್ಟಿದ್ದನ್ನು ನೋಡಿ ಬರುವುದು ಒಂದು ಮಜಾ. ಅಲ್ಲಿ ಒಂದು ರಾತ್ರಿ ಕಳೆಯುವುದು ಇನ್ನೂ ಮಜಾ.

ಕಟ್ಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಶಂಕುಸ್ಥಾಪನೆ ಆದದ್ದು 1921ರ ನವೆಂಬರ್ 18ರಂದು. ನಕ್ಷೆ ಬರೆದವರು ಇ.ಡಬ್ಲ್ಯು. ಫ್ರಿಚ್ಲಿ, ಕಟ್ಟಿಸುವ ಗುತ್ತಿಗೆ ಹಿಡಿದವರು ಬಿ. ಮುನಿವೆಂಕಟಪ್ಪ. ಖರ್ಚು 13 ಲಕ್ಷ ರೂಪಾಯಿ ಎಂದು ಹೇಳುತ್ತಾರೆ. ಊರ ನಡುವೆ ಹೆನ್ರಿ ಇರ್ವಿನ್ ವಿನ್ಯಾಸದ ಹೊಸ ಅಂಬಾವಿಲಾಸ ಅರಮನೆ 1912ರ ಹೊತ್ತಿಗೇ ಎದ್ದು ನಿಂತಿತ್ತು. ಅಷ್ಟು ದೊಡ್ಡ ಮನೆ ಇಟ್ಟುಕೊಂಡು ಅತಿಥಿಗೆ ಬೇರೆ ಮನೆ ಯಾಕೆ? ಉತ್ತರ ಅಡುಗೆಮನೆಯಲ್ಲಿದೆ. ನಾಲ್ವಡಿಯವರು ಆಚಾರವಂತರು, ಐರೋಪ್ಯರ ಜೊತೆ ಸಹಪಂಕ್ತಿಯಲ್ಲಿ ಕೂತು ಉಣ್ಣುವವರಲ್ಲ. ವೈಸ್‌ರಾಯ್ ಮತ್ತು ಅವರ ಪರಿವಾರಕ್ಕೆ ಮಾಂಸ, ಮದ್ಯ ಇಲ್ಲದೆ ಔತಣವೇ ಇಲ್ಲ. ಅತಿಥಿಗೆ ಅವನ ಊಟ ಬಿಡಿ ಎನ್ನುವುದು ಮರ್ಯಾದೆಯಲ್ಲ, ತನ್ನ ಮಡಿ ಬಿಡಲು ಅರಸರಿಗೆ ಮನಸ್ಸಿಲ್ಲ. ಎರಡೂ ಉಳಿಯಬೇಕೆಂದರೆ ಎರಡು ಮನೆ ಬೇಕು. ನನ್ನ ಮಟ್ಟಿಗೆ ಇದು ಲಲಿತ ಮಹಲ್‌ನ ಅತ್ಯಂತ ಕನ್ನಡದ ಸಂಗತಿ. ಬೇಡ ಎನ್ನದೆ, ಜಗಳವಾಡದೆ, ಒಲೆ ಬೇರೆ ಮಾಡಿ ಮುಗಿಸಿದ ರೀತಿ.

ಕಟ್ಟಡದಲ್ಲಿ ಮಾತ್ರ ಕನ್ನಡದ್ದು ಹುಡುಕಿದರೂ ಸಿಗದು. ಇಂಗ್ಲೆಂಡಿನ ಹಳ್ಳಿಗಾಡಿನ ಜಮೀನ್ದಾರರ ಬಂಗಲೆ ಮತ್ತು ಇಟಲಿಯ ಶ್ರೀಮಂತರ ಮಹಲು, ಇವೆರಡನ್ನೂ ಬೆರೆಸಿ ಫ್ರಿಚ್ಲಿ ಇದನ್ನು ಬರೆದರು. ನಡುವಿನ ದೊಡ್ಡ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನದರ ಪಡಿಯಚ್ಚು ಎಂದು ಎಲ್ಲರೂ ಹೇಳುತ್ತಾರೆ. ಪಡಿಯಚ್ಚಲ್ಲ, ನೆನಪು ಎನ್ನಬಹುದು. ಮುಂದೆ ಚಾಚಿದ ಪೋರ್ಟಿಕೊ, ಜೋಡಿ ಜೋಡಿಯಾಗಿ ನಿಂತ ಕಂಬಗಳು, ಎರಡೇ ಅಂತಸ್ತು. ಮೈಯೆಲ್ಲ ಬಿಳಿ. ಚಾಮುಂಡಿ ಬೆಟ್ಟದ ಮೇಲಿಂದ ನೋಡಿದರೆ ಹಸಿರಿನ ನಡುವೆ ಮೊದಲು ಕಣ್ಣಿಗೆ ಬೀಳುವುದು ಇದೇ. ಮೈಸೂರಿನ ಅರಮನೆಗಳಲ್ಲಿ ಗಾತ್ರಕ್ಕೆ ಇದು ಎರಡನೆಯದು.

ಒಳಗೆ ಎರಡು ಜಾಗದಲ್ಲಿ ನಿಂತು ನೋಡಬೇಕು. ಒಂದು, ಮೇಲಂತಸ್ತಿಗೆ ಹೋಗುವ ಅಮೃತಶಿಲೆಯ ಮೆಟ್ಟಿಲು. ಎರಡು ಕವಲಾಗಿ ಬಳುಕಿ ಏರುವ ಆ ಮೆಟ್ಟಿಲನ್ನು ಓಡಿ ಹತ್ತಲು ಆಗುವುದಿಲ್ಲ. ಎತ್ತರ ಕಡಿಮೆ, ಅಗಲ ಜಾಸ್ತಿ, ನಿಧಾನ ಮಾಡದೆ ವಿಧಿಯಿಲ್ಲ. ಉದ್ದ ಗೌನು ತೊಟ್ಟ ಹೆಂಗಸರನ್ನು ಕೈಹಿಡಿದು ಇಳಿಸಿಕೊಂಡು ಬರುವ ನಡಿಗೆಗೆ ಅಳತೆ ಮಾಡಿ ಕೂರಿಸಿದ ಹಾಗಿದೆ. ಹತ್ತಲಾರದವರಿಗೆ ಹಳೆಯ ಕಾಲದ ಮರದ ಲಿಫ್ಟ್ ಉಂಟು. ಮಕ್ಕಳು ಸುಮ್ಮಸುಮ್ಮನೆ ಮೇಲೆ ಕೆಳಗೆ ಹೋಗಿಬರುವುದು ಅದರಲ್ಲೇ. ಮಾಲ್‌ನ ಗಾಜಿನ ಲಿಫ್ಟ್‌ ನೋಡಿ ಬೆಳೆದ ಮಕ್ಕಳಿಗೆ ಲಿಫ್ಟ್ ಎಂಬುದು ಒಂದು ಕಾಲಕ್ಕೆ ಬಡಗಿಯ ಕೆಲಸವೂ ಆಗಿತ್ತು ಎಂದು ತಿಳಿಯುವುದು ಹೀಗೆ.

ಇನ್ನೊಂದು, ಊಟದ ಹಾಲು. ಅದು ಮೊದಲು ಕುಣಿತದ ಹಾಲು. ಎತ್ತರದ ಮಾಳಿಗೆಯಲ್ಲಿ ಬೆಲ್ಜಿಯಂ ಗಾಜಿನ ಗುಮ್ಮಟಗಳು. ಹಗಲಲ್ಲಿ ಬಿಸಿಲು ಬಣ್ಣದ ಗಾಜಿನಿಂದ ಸೋಸಿ ಮೇಜಿನ ಮೇಲೆ ಬೀಳುತ್ತದೆ. ಬಿಸಿಲು ಸರಿದ ಹಾಗೆ ಬಣ್ಣವೂ ಬಟ್ಟಲಿನಿಂದ ಲೋಟಕ್ಕೆ, ಲೋಟದಿಂದ ಪಕ್ಕದ ಕುರ್ಚಿಗೆ ಸರಿಯುತ್ತದೆ. ಮಧ್ಯಾಹ್ನದ ಊಟವನ್ನು ರಾತ್ರಿಯದಕ್ಕಿಂತ ಮೇಲೆಂದು ನಾನು ಹೇಳುವುದು ಈ ಒಂದು ಕಾರಣಕ್ಕೆ. ಮಡಿಗಾಗಿ ಒಲೆ ಬೇರೆ ಮಾಡಿದ ಮನೆಯ ಇದೇ ಹಾಲಿನಲ್ಲಿ ಇವತ್ತು ಅನ್ನ ಸಾರು ಉಣ್ಣುವವರೂ ಕೋಳಿ ತಿನ್ನುವವರೂ ಅಕ್ಕಪಕ್ಕದ ಮೇಜಿನಲ್ಲಿ ಕೂರುತ್ತಾರೆ. ಯಾರೂ ಯಾರ ತಟ್ಟೆಯನ್ನೂ ನೋಡುವುದಿಲ್ಲ, ನೋಡಿದರೂ ಏನೂ ಅನ್ನುವುದಿಲ್ಲ.

1971ರಲ್ಲಿ ರಾಜಧನ ರದ್ದಾಯಿತು. ಅರಮನೆಗಳನ್ನು ಸಾಕುವುದು ಎಂದರೆ ಆನೆ ಸಾಕಿದ ಹಾಗೆ ಎಂಬುದು ದೇಶದ ಎಲ್ಲ ರಾಜಮನೆತನಗಳಿಗೂ ಆಗಲೇ ಗೊತ್ತಿತ್ತು. ಜೈಪುರದ ರಾಂಬಾಗ್ 1957ರಲ್ಲೇ ಹೋಟೆಲಾಗಿತ್ತು, ಉದಯಪುರದ ಸರೋವರದ ಅರಮನೆ 1963ರಲ್ಲಿ. ಮೈಸೂರಿನಲ್ಲಿ ಆದದ್ದು ಸ್ವಲ್ಪ ಬೇರೆ. ಇಲ್ಲಿನ ಅರಮನೆಗಳಿಗೆಲ್ಲ ಸರ್ಕಾರಿ ನೌಕರಿ ಸಿಕ್ಕಿತು. ಚೆಲುವಾಂಬ ವಿಲಾಸ 1950ರಲ್ಲಿ ಆಹಾರ ಸಂಶೋಧನಾಲಯವಾಯಿತು, ಅದೇ ಸಿ.ಎಫ್.ಟಿ.ಆರ್.ಐ. ಜಯಲಕ್ಷ್ಮಿ ವಿಲಾಸವನ್ನು ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ವಿಶ್ವವಿದ್ಯಾನಿಲಯ ಕೊಂಡು, ಸುತ್ತಲಿನ ಜಾಗದಲ್ಲಿ ಮಾನಸಗಂಗೋತ್ರಿ ಎದ್ದಿತು. ಕಾರಂಜಿ ಕೆರೆಯ ಪಕ್ಕದ ಮಹಲು ಅಂಚೆ ಇಲಾಖೆಯ ತರಬೇತಿ ಕೇಂದ್ರ. ಚಾಮುಂಡಿ ಬೆಟ್ಟದ ಮೇಲಿನ ರಾಜೇಂದ್ರ ವಿಲಾಸ ಮಾತ್ರ ಕೆಲಕಾಲ ಹೋಟೆಲಾಗಿ ಆಮೇಲೆ ಬಾಗಿಲು ಹಾಕಿಕೊಂಡಿತು. ಲಲಿತ ಮಹಲ್ 1974ರಲ್ಲಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮದ, ಅಂದರೆ ಐ.ಟಿ.ಡಿ.ಸಿ.ಯ ಅಶೋಕ ಹೋಟೆಲುಗಳ ಸಾಲಿಗೆ ಸೇರಿತು. 2018ರಲ್ಲಿ ಕೇಂದ್ರ ಅದನ್ನು ರಾಜ್ಯಕ್ಕೆ ಬಿಟ್ಟುಕೊಟ್ಟಿತು. ರಾಜ್ಯ ಅದನ್ನು ತನ್ನ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆಯ ಕೈಗೆ ಹಾಕಿತು.

ಉಳಿದ ಅರಮನೆಗಳಿಗೆಲ್ಲ ಕಸುಬು ಬದಲಾಯಿತು. ಮಲಗುವ ಕೋಣೆಯಲ್ಲಿ ಪ್ರಯೋಗಶಾಲೆ, ಪಡಸಾಲೆಯಲ್ಲಿ ತರಗತಿ. ಲಲಿತ ಮಹಲ್‌ಗೆ ಆ ಕಷ್ಟ ಬರಲಿಲ್ಲ. ಅದು ಹುಟ್ಟಿದ್ದೇ ಅತಿಥಿಗೃಹವಾಗಿ, ಈಗಲೂ ಅದೇ. ಬದಲಾದದ್ದು ಅತಿಥಿ ಮಾತ್ರ. ಬೇರೆಡೆ ಅರಮನೆ ಹೋಟೆಲುಗಳಲ್ಲಿ ತಂಗಿದಾಗ, ಯಾರದೋ ಮನೆಯವರು ಊರಿಗೆ ಹೋದಾಗ ಒಳಗೆ ಹೊಕ್ಕ ಸಂಕೋಚ ನನ್ನನ್ನು ಕಾಡುತ್ತದೆ. ಗೋಡೆಯ ಮೇಲಿನ ಅಜ್ಜ ಅಜ್ಜಿಯರ ಭಾವಚಿತ್ರಗಳು ‘ನೀವ್ಯಾರು’ ಎಂದು ಕೇಳುತ್ತವೆ. ಇಲ್ಲಿಯೂ ಒಡೆಯರ ಆಳೆತ್ತರದ ಚಿತ್ರಗಳಿವೆ, ಆದರೆ ಅವರು ಇಲ್ಲಿ ಆತಿಥೇಯರು. ಆ ಸಂಕೋಚ ಇಲ್ಲಿ ಹುಟ್ಟುವುದಿಲ್ಲ.

ಹಳೆಯ ಕಟ್ಟಡದಲ್ಲಿ ಸರ್ಕಾರವೇ ಕೋಣೆ ಬಾಡಿಗೆಗೆ ಕೊಡುವ ವಿಚಾರ ನಮ್ಮದೇನಲ್ಲ. ಅದನ್ನು ಶಿಸ್ತಾಗಿ ಮಾಡಿ ತೋರಿಸಿದ್ದು ಸ್ಪೇನ್. ಅಲ್ಲಿ ರಾಜ ಹದಿಮೂರನೆಯ ಅಲ್ಫೋನ್ಸೊನ ಕಾಲದಲ್ಲಿ ಪ್ರವಾಸೋದ್ಯಮದ ಹೊಣೆ ಹೊತ್ತಿದ್ದ ವೇಗ ಇನ್‌ಕ್ಲಾನ್‌ನ ಮಾರ್ಕ್ವಿಸ್, ಗ್ರೆದೋಸ್ ಬೆಟ್ಟಗಳಲ್ಲಿ ಒಂದು ವಸತಿಗೃಹ ಕಟ್ಟಿಸಿದ. 1928ರಲ್ಲಿ ಅದರ ಬಾಗಿಲು ತೆರೆಯಿತು. ಅಲ್ಲಿಂದ ಶುರುವಾದ ಪರಾದೋರ್ ಎಂಬ ಸರ್ಕಾರಿ ಹೋಟೆಲುಗಳ ಸಾಲು ಈಗ ನೂರರ ಹತ್ತಿರ ಇದೆ. ಪಾಳುಬಿದ್ದ ಕೋಟೆ, ಖಾಲಿಯಾದ ಮಠ, ಹಳ್ಳಿಗಾಡಿನ ಶ್ರೀಮಂತರ ಮನೆ, ಯಾವುದನ್ನೂ ಬಿಟ್ಟಿಲ್ಲ. ಗ್ರಾನಡಾದ ಅಲ್‌ಹಂಬ್ರಾದ ಒಳಗಿರುವ ಪರಾದೋರ್ ಹಿಂದೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ. ಕೊಲಂಬಸ್‌ನನ್ನು ಕಳಿಸಿದ ರಾಣಿ ಇಸಬೆಲ್ಲಾಳನ್ನು ಮೊದಲು ಸಮಾಧಿ ಮಾಡಿದ್ದು ಅಲ್ಲೇ. ಉಳಿದುಕೊಂಡವರು ಬೆಳಗಿನ ಕಾಫಿಗೆ ಮುಂಚೆ ಹೋಗಿ ಅದನ್ನು ನೋಡಿ ಬರಬಹುದು.

ನನಗೆ ಇಷ್ಟವಾದದ್ದು ಸಾಂಟಿಯಾಗೊ ದ ಕೊಂಪೊಸ್ತೇಲಾದ ಪರಾದೋರ್. ನೂರಾರು ಮೈಲಿ ನಡೆದು ಸಂತ ಜೇಮ್ಸ್‌ನ ಗುಡಿಗೆ ಬರುವ ಯಾತ್ರಿಕರಿಗೆಂದು ಇಸಬೆಲ್ಲಾ ಮತ್ತು ಅವಳ ಗಂಡ ಫರ್ಡಿನಾಂಡ್ 1499ರಲ್ಲಿ ಅಪ್ಪಣೆ ಕೊಟ್ಟು ಕಟ್ಟಿಸಿದ ಛತ್ರ, ಆಸ್ಪತ್ರೆ ಎರಡೂ ಅದು. 1954ರಲ್ಲಿ ಹೋಟೆಲಾಯಿತು. ಈಗ ಕಾಲು ನೋಯಿಸಿಕೊಂಡು ಬಂದ ಯಾತ್ರಿಕರಿಗೆ ಅಲ್ಲಿನ ಬಾಡಿಗೆ ಎಟುಕುವುದಿಲ್ಲ. ಹಳೆಯ ಧರ್ಮದ ನೆನಪಿಗೆ ಮೊದಲು ಬಂದ ಹತ್ತು ಮಂದಿಗೆ ಪುಕ್ಕಟೆ ಊಟ ಹಾಕುವ ಪದ್ಧತಿಯನ್ನು ಬಹುಕಾಲ ಉಳಿಸಿಕೊಂಡು ಬಂದಿದೆ. ಸ್ಪೇನ್ ಸರ್ಕಾರ ಕಟ್ಟಡವನ್ನು ಚೆನ್ನಾಗಿ ಕಾಪಾಡಿತು, ಛತ್ರವನ್ನು ಕಳೆದುಕೊಂಡಿತು ಎಂದು ನಾನು ಲೆಕ್ಕ ಹಾಕುತ್ತೇನೆ.

ನಮ್ಮಲ್ಲಿ ಇದರ ಇನ್ನೊಂದು ಮಗ್ಗುಲು ಇದೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು ಹೊರಬಂದವರಿಗೆ ಎದುರಿಗೇ ಸಿಗುವುದು ಗುಬ್ಬಿ ತೋಟದಪ್ಪನವರ ಛತ್ರ. ಅದನ್ನು 1903ರಲ್ಲಿ ಉದ್ಘಾಟಿಸಿದವರು ಇದೇ ನಾಲ್ವಡಿಯವರು. ಆಗ ಅವರು ಆಳ್ವಿಕೆಯ ಅಧಿಕಾರ ವಹಿಸಿಕೊಂಡು ವರ್ಷವೂ ಆಗಿರಲಿಲ್ಲ. ವ್ಯಾಪಾರಿಯೊಬ್ಬರು ತಮ್ಮ ದುಡಿಮೆಯ ಹಣದಲ್ಲಿ ಬಡ ಪ್ರಯಾಣಿಕರಿಗೆ, ಓದುವ ಹುಡುಗರಿಗೆ ಕಟ್ಟಿಸಿದ್ದರ ಬಾಗಿಲು ತೆಗೆದ ಅರಸರೇ ಹದಿನೆಂಟು ವರ್ಷದ ಮೇಲೆ ವೈಸ್‌ರಾಯ್‌ಗೆ ಮಹಲು ಕಟ್ಟಿಸಿದರು. ಒಂದು ನಾಡಿಗೆ ಎರಡೂ ಬೇಕಾಗಿತ್ತು ಎನ್ನಬಹುದು. ಎರಡರಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ನಾನು ಮೆಜೆಸ್ಟಿಕ್ ಕಡೆ ಕೈ ತೋರಿಸುತ್ತೇನೆ. ಛತ್ರ ಇವತ್ತಿಗೂ ಛತ್ರವಾಗಿಯೇ ಉಳಿದಿದೆ.

ಲಲಿತ ಮಹಲ್‌ನ ಕಥೆಗೆ ಕಾಡಿನಲ್ಲಿ ಒಂದು ಉತ್ತರಾರ್ಧ ಇದೆ. ಮೈಸೂರಿಗೆ ಬಂದ ದೊಡ್ಡ ಅತಿಥಿಗಳನ್ನು ಅರಸರು ಕಾಕನಕೋಟೆಯ ಕಾಡಿಗೆ ಖೆಡ್ಡಾ ತೋರಿಸಲು ಕರೆದೊಯ್ಯುತ್ತಿದ್ದರು. ಕಾಡಾನೆಗಳ ಹಿಂಡನ್ನು ತಮಟೆ ಬಡಿದು, ಪಂಜು ಹಿಡಿದು ನದಿ ದಾಟಿಸಿ ದಿಮ್ಮಿಗಳ ಆವರಣಕ್ಕೆ ತುಂಬುವ ಆ ಕೆಲಸ ಮೈಸೂರು ಸಂಸ್ಥಾನದಲ್ಲಿ ನೆಲೆಯಾದದ್ದು ಸ್ಯಾಂಡರ್ಸನ್ ಎಂಬ ಅಧಿಕಾರಿಯ ಕಾಲದಿಂದ, 1870ರ ದಶಕದಲ್ಲಿ. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆಮೇಲೆ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಎದ್ದು, ಖೆಡ್ಡಾದ ಹಳೆಯ ಬಯಲು ಹಿನ್ನೀರಿನಲ್ಲಿ ಮುಳುಗಿತು. ಕಾರಾಪುರದಲ್ಲಿದ್ದ ಮಹಾರಾಜರ ಬೇಟೆ ಬಂಗಲೆ ಮಾತ್ರ ಉಳಿಯಿತು. 1980ರಲ್ಲಿ ಹುಟ್ಟಿದ ಜಂಗಲ್ ಲಾಡ್ಜಸ್ ತನ್ನ ಮೊದಲ ವಸತಿಯನ್ನು ಶುರುಮಾಡಿದ್ದು ಅಲ್ಲೇ. ಕರ್ನಲ್ ಜಾನ್ ವೇಕ್‌ಫೀಲ್ಡ್ ಎಂಬ ಹಳೆಯ ಶಿಕಾರಿ ಬಂದೂಕು ಬಿಟ್ಟು, 2010ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದು, ಬಂದವರಿಗೆ ಕಾಡು ನೋಡುವುದನ್ನು ಕಲಿಸಿದರು. ಎಲ್ಲರಿಗೂ ಅವರು ‘ಪಾಪಾ’. ವೈಸ್‌ರಾಯ್ ಮಲಗಬೇಕಾದ ಮಹಲು, ಅವನು ಬೇಟೆಗೆ ಹೋದಾಗ ಇಳಿಯುವ ಬಂಗಲೆ, ಎರಡೂ ಈಗ ಒಂದೇ ಸರ್ಕಾರಿ ಸಂಸ್ಥೆಯ ಕೈಯಲ್ಲಿವೆ. ಎರಡನ್ನೂ ಒಟ್ಟಿಗೆ ಸೇರಿಸಿ ಒಂದು ಪ್ರವಾಸ ಮಾಡುವುದು ಕಷ್ಟವಿಲ್ಲ, ಮೈಸೂರಿನಿಂದ ಎಚ್.ಡಿ. ಕೋಟೆ ದಾರಿ ಹಿಡಿದರೆ ಸಾಕು.

ಲಲಿತ ಮಹಲ್‌ನ ಬಾಡಿಗೆ ಜೇಬಿಗೆ ಭಾರ ಎನ್ನುವವರಿಗೆ ಮೈಸೂರಿನಲ್ಲೇ ಚಿತ್ತರಂಜನ್ ಮಹಲ್ ಇದೆ. ಹುಣಸೂರು ರಸ್ತೆಯಲ್ಲಿ ರಾಜಕುಮಾರಿಯರಿಗೆ ಕಟ್ಟಿಸಿದ ಮನೆ ಅದು. ಆಮೇಲೆ ಪ್ರೀಮಿಯರ್ ಸ್ಟುಡಿಯೊದ ಕೈಸೇರಿತು. 1989ರಲ್ಲಿ ಟಿಪ್ಪು ಧಾರಾವಾಹಿಯ ಚಿತ್ರೀಕರಣದ ವೇಳೆ ಆ ಸ್ಟುಡಿಯೊದಲ್ಲಿ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತದ್ದು ಮೈಸೂರಿನವರಿಗೆ ಇನ್ನೂ ಮರೆತಿಲ್ಲ. ಈಗ ಅಲ್ಲಿ ಗ್ರೀನ್ ಹೋಟೆಲ್ ನಡೆಯುತ್ತಿದೆ, ಲಾಭ ಧರ್ಮಕಾರ್ಯಕ್ಕೆ ಹೋಗುತ್ತದೆ. ತೋಟದಲ್ಲಿ ಕೂತು ಕಾಫಿ ಕುಡಿಯುವುದಕ್ಕಾದರೂ ಹೋಗಬೇಕಾದ ಜಾಗ.

ಹೊರಡುವವರಿಗೆ ಒಂದೆರಡು ಮಾತು. ಸುಬ್ರಹ್ಮಣ್ಯಪುರದಿಂದ ಉತ್ತರಹಳ್ಳಿ, ಕೆಂಗೇರಿ ಹಾದು ಮೈಸೂರು ಹೆದ್ದಾರಿ ಸೇರುವುದೇ ಹತ್ತಿರ. ಕೆಂಗೇರಿ ದಾಟುವವರೆಗೆ ತಾಳ್ಮೆ ಬೇಕು, ಅಲ್ಲಿಂದ ಮುಂದೆ 2023ರಲ್ಲಿ ತೆರೆದ ದಶಪಥ ಹೆದ್ದಾರಿ. ಲಲಿತ ಮಹಲ್‌ನಲ್ಲಿ ಬೆಳಕು ಇರುವಾಗಲೇ ಕೋಣೆ ಸೇರಿಕೊಳ್ಳಿ. ಹೊಸ ಹೋಟೆಲಿನ ಸೌಕರ್ಯ ಅಲ್ಲಿ ಹುಡುಕಬೇಡಿ, ನೂರು ವರ್ಷದ ಮನೆಯಲ್ಲಿ ನಲ್ಲಿ, ಕಿಟಕಿ, ಬಾಗಿಲು ತಮ್ಮ ವಯಸ್ಸು ಹೇಳಿಯೇ ಹೇಳುತ್ತವೆ. ತಂಗಲು ಆಗದಿದ್ದರೆ ಮಧ್ಯಾಹ್ನದ ಊಟಕ್ಕೆ ಹೋಗಿ, ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ದಸರಾ ಸಮಯದಲ್ಲಿ ಕೋಣೆಯ ಆಸೆ ಇಟ್ಟುಕೊಳ್ಳಬೇಡಿ, ಆ ಹತ್ತು ದಿನ ಮೈಸೂರಿನಲ್ಲಿ ಮಂಚವೊಂದು ಸಿಕ್ಕರೆ ಅದೇ ಅರಮನೆ.