ಯುದ್ಧಕಾಲದ ಜರ್ಮನಿಯಲ್ಲಿ ನಗರಸಭೆಗಳ ಚಿಲ್ಲರೆ ನಾಣ್ಯ

ವ್ಯಾಪಾರಕ್ಕೆ ಬಂಡವಾಳದಷ್ಟೇ ಚಿಲ್ಲರೆಯೂ ಅಗತ್ಯವೆಂಬುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ವರ್ತಕರಿಗೆ ಚೆನ್ನಾಗಿ ಮನವರಿಕೆಯಾಯಿತು. 1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದೊಡನೆ ಜನರು ಚಿನ್ನ, ಬೆಳ್ಳಿಯ ನಾಣ್ಯಗಳನ್ನು ಮನೆಗಳಲ್ಲಿ ಕೂಡಿಡತೊಡಗಿದರು. ಬಳಿಕ ಸಣ್ಣ ನಾಣ್ಯಗಳ ಸರದಿ ಬಂದಿತು. ಒಂದು ಮಾರ್ಕಿಗೆ 100 ಫೆನ್ನಿಗ್. 5 ಮತ್ತು 10 ಫೆನ್ನಿಗ್ ನಾಣ್ಯಗಳಲ್ಲಿದ್ದ ನಿಕ್ಕಲ್ ರಕ್ಷಾಕವಚದ ಉಕ್ಕಿಗೂ, ಬಿಡಿ ಫೆನ್ನಿಗ್‌ಗಳಲ್ಲಿದ್ದ ತಾಮ್ರ ಮದ್ದುಗುಂಡುಗಳಿಗೂ ಬೇಕಾಗಿದ್ದಿತು. ಬ್ರಿಟನ್ನಿನ ನೌಕಾ ದಿಗ್ಬಂಧನದಿಂದಾಗಿ ಲೋಹಗಳ ಆಮದಿಗೆ ತೀವ್ರ ಅಡಚಣೆಯುಂಟಾಗಿತ್ತು. ಸರ್ಕಾರವು 1915ರಿಂದ ಕಬ್ಬಿಣದಲ್ಲಿಯೂ, ಅನಂತರ ಅಲ್ಯೂಮಿನಿಯಂ ಮತ್ತು ಸತುವಿನಲ್ಲಿಯೂ ನಾಣ್ಯಗಳನ್ನು ಟಂಕಿಸಿತಾದರೂ ಅವು ಬೇಡಿಕೆಗೆ ಸಾಲಲಿಲ್ಲ.

ಚಿಲ್ಲರೆಗೆ ಬದಲಾಗಿ ಮಿಠಾಯಿ ಕೊಟ್ಟು ಸುಧಾರಿಸುವ ಉಪಾಯ ನಮ್ಮ ವರ್ತಕರಿಗೂ ತಿಳಿದದ್ದೇ. ಆದರೆ ಇಡೀ ಊರಿನ ವಹಿವಾಟು ಅದರಿಂದ ನಡೆಯದು. ಆದ್ದರಿಂದ ನೂರಾರು ನಗರಸಭೆಗಳು ಸತು, ಕಬ್ಬಿಣಗಳಲ್ಲಿ ತಮ್ಮದೇ ಬಿಲ್ಲೆಗಳನ್ನು ಹೊರಡಿಸಿದವು. ಇವಕ್ಕೆ ‘ನೋಟ್‌ಗೆಲ್ಡ್’, ಅಂದರೆ ತುರ್ತು ಹಣ ಎಂದು ಹೆಸರು. ಒಂದು ಮುಖದಲ್ಲಿ ಊರಿನ ಲಾಂಛನ, ಇನ್ನೊಂದರಲ್ಲಿ ಮೌಲ್ಯ. ಹಲವು ಬಿಲ್ಲೆಗಳು ಎಂಟು ಮೂಲೆಯವು. ನಾಣ್ಯ ಟಂಕಿಸುವ ಅಧಿಕಾರ ಸಾಮ್ರಾಜ್ಯ ಸರ್ಕಾರದ್ದಾಗಿದ್ದುದರಿಂದ, ಅನೇಕ ಊರುಗಳು ‘ಚಿಲ್ಲರೆಗೆ ಬದಲಿ ಬಿಲ್ಲೆ’ ಎಂದೇ ಜಾಣತನದಿಂದ ಅಚ್ಚು ಹಾಕಿಸಿದವು.

ಲೋಹದ ಬೆಲೆ ಅತ್ಯಲ್ಪ. ವಾಸ್ತವವಾಗಿ ಅದು ನಗರಸಭೆ ಬರೆದುಕೊಟ್ಟ ಸಾಲಪತ್ರ. ಖಜಾನೆಯು ಅದನ್ನು ಮರಳಿ ಪಡೆಯುವುದೆಂಬ ನಂಬಿಕೆಯೇ ಅದರ ಆಧಾರ. ಊರಿನ ಗಡಿ ದಾಟಿದರೆ ಅದನ್ನು ಸ್ವೀಕರಿಸಲೇಬೇಕೆಂಬ ಕಟ್ಟುಪಾಡು ಯಾರಿಗೂ ಇರಲಿಲ್ಲ. ಚಲಾವಣೆಯ ಗಡುವು ಮುಗಿದ ಮೇಲೆ ಅಂಗಡಿಯ ಗಲ್ಲದಲ್ಲಿ ಉಳಿದದ್ದು ವರ್ತಕನಿಗೆ ನಷ್ಟ, ನಗರಸಭೆಗೆ ಲಾಭ.

ಈ ಲಾಭದ ರುಚಿ ಹತ್ತಿದ್ದರಿಂದಲೋ ಏನೋ, 1918ರಲ್ಲಿ ಯುದ್ಧ ನಿಂತರೂ ಬಿಲ್ಲೆಗಳು ನಿಲ್ಲಲಿಲ್ಲ. ಬಾನ್ ನಗರವು 1920ರಲ್ಲಿ ತನ್ನಲ್ಲಿ ಜನಿಸಿದ ಸಂಗೀತಗಾರ ಬೀಥೋವನನ ಮುಖವನ್ನು ಕಬ್ಬಿಣದ ಬಿಲ್ಲೆಯ ಮೇಲೆ ಮೂಡಿಸಿತು. ಮೈಸನ್ ಕಾರ್ಖಾನೆ ಪಿಂಗಾಣಿಯಲ್ಲಿ ನಾಣ್ಯ ತಯಾರಿಸಿತು. ಬೀಲೆಫೆಲ್ಡ್ ರೇಷ್ಮೆಯ ಮೇಲೆ ಹಣ ಮುದ್ರಿಸಿತು. ಇವುಗಳಲ್ಲಿ ಬಹುಪಾಲು ಸಂಗ್ರಾಹಕರ ಪೆಟ್ಟಿಗೆ ಸೇರಿದವೇ ಹೊರತು ಖಜಾನೆಗೆ ಮರಳಲಿಲ್ಲ.

1922ರಲ್ಲಿ ಸರ್ಕಾರ ಇವನ್ನು ನಿಷೇಧಿಸಿತು. ಮರುವರ್ಷದ ಭೀಕರ ಹಣದುಬ್ಬರದಲ್ಲಿ ತುರ್ತು ಹಣ ಕಾಗದದ ರೂಪದಲ್ಲಿ ಮತ್ತೆ ಬಂದಿತು. 1923ರ ನವೆಂಬರ್‌ನಲ್ಲಿ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ದರವಿದ್ದಾಗ, 10 ಫೆನ್ನಿಗ್ ಬಿಲ್ಲೆಯ ಮುಖಬೆಲೆಗಿಂತ ಅದರಲ್ಲಿದ್ದ ಚೂರು ಸತುವಿನ ಬೆಲೆಯೇ ಎಷ್ಟೋ ಪಾಲು ಹೆಚ್ಚಾಗಿತ್ತು.